ಮುಚ್ಚಿದೆ, ನೀವು ನಡೀರಿ

ಆ ಸಂಜೆ ಮಳೆ ಹಿಡಿದುಕೊಂಡಿದ್ದು ಅವರು ಗುಡ್ಡದ ನೆತ್ತಿಯಲ್ಲಿರುವಾಗ. ಬೆಳಗಿನಿಂದ ಜಲ್ಲಿ ದಾರಿಯಲ್ಲಿ ಸೈಕಲ್ ತುಳಿಯುತ್ತಿದ್ದ ನಾಲ್ವರಿಗೆ, ಏರಿ ಇಳಿದು ಮತ್ತೆ ಏರುವ ಆ ಹುಲ್ಲುಗಾವಲಿನಲ್ಲಿ ನಿಲ್ಲುವುದಕ್ಕೆ ಒಂದು ಮರವೂ ಇರಲಿಲ್ಲ. ಲಾರಿ, ಬಸ್ಸು, ಕಾರು ಯಾವುದರ ಕಾಟವೂ ಇಲ್ಲದ ದಾರಿ ಬೇಕೆಂದು ಹುಡುಕಿಕೊಂಡು ಬಂದವರು ಅವರು. ಕಾಟವಿಲ್ಲ ಎಂದರೆ ಕೂಗಿದರೆ ಓಗೊಡುವವರೂ ಇಲ್ಲ ಎನ್ನುವುದು ಮಳೆ ಬಿದ್ದ ಮೇಲೆ ಹೊಳೆಯಿತು.

ಕೊನೆಯ ಇಳಿಜಾರಿನ ಬುಡದಲ್ಲಿ, ದಾರಿಗೆ ಅಡ್ಡಲಾಗಿದ್ದ ಮೂರು ಗೇಟುಗಳಲ್ಲಿ ಮೂರನೆಯದು. ಅದರ ಪಕ್ಕದಲ್ಲೇ ಒಬ್ಬಳು ಅಜ್ಜಿಯ ಮನೆ. ಸೈಕಲ್ಲಿನಲ್ಲಿ ಬಂದವರಿಗೆ ಚಹಾ ಕೊಟ್ಟು, ರಾತ್ರಿಗೆ ಹಾಸಿಗೆ ಹಾಸಿಕೊಡುವ ಮನೆ. ಹಿತ್ತಲಲ್ಲಿ ಸೈಕಲ್ ಇಡುವ ತಗಡಿನ ಷೆಡ್ಡು. ಡ್ರಾಯಿಂಗ್ ಮೇಷ್ಟ್ರು, ಅವನ ತಮ್ಮ, ಮೇಷ್ಟ್ರ ಹೆಂಡತಿ ನರ್ಸು, ಮೂವರೂ ಷೆಡ್ಡಿಗೆ ಸೈಕಲ್ ನುಗ್ಗಿಸಿ, ತೊಯ್ದ ಷೂ ಕಳಚಿ, ಅಡುಗೆಮನೆಯ ಒಲೆಯ ಮುಂದೆ ಬಂದು ಕೂತರು.

"ಗೋಡೆಗೆ ಒರಗಬೇಡಿ. ಬಣ್ಣ ಹೊಡೆಸಿ ಇನ್ನೂ ತಿಂಗಳಾಗಿಲ್ಲ," ಎಂದಳು ಅಜ್ಜಿ. ಅದೇ ಅವಳ ಸ್ವಾಗತ. "ಎಷ್ಟು ಜನ? ಮೂರೇನಾ?"

"ನಾಲ್ಕು ಅಜ್ಜಿ. ನಮ್ಮ ಮಾವ ಷೆಡ್‌ನಲ್ಲಿ ಸೈಕಲ್ ಒರೆಸ್ತಿರಬೇಕು," ಎಂದ ಮೇಷ್ಟ್ರು. "ಚೈನು ಫಳಫಳ ಅನ್ನೋ ತನಕ ಅವರು ಒಳಗೆ ಬರೋರಲ್ಲ."

ನರ್ಸಿನ ಅಪ್ಪ ನಲವತ್ತು ವರ್ಷ ವಾಚು ರಿಪೇರಿ ಮಾಡಿದ ಮನುಷ್ಯ. ಹಲ್ಲುಚಕ್ರದ ಮೇಲೆ ಒಂದು ಧೂಳಿನ ಕಣ ಕೂತರೂ ಆತನಿಗೆ ಊಟ ಸೇರುತ್ತಿರಲಿಲ್ಲ. ಬೆಳಗ್ಗೆ ಹೊರಡುವಾಗ ಅಪ್ಪ ಮಗಳಿಗೆ ಸಣ್ಣ ಜಟಾಪಟಿಯಾಗಿತ್ತು. ಮೊನ್ನೆ ತಾನೆ ತಲೆ ಸುತ್ತಿ ಕೂತವರು, ಇವತ್ತು ಬರುವುದು ಬೇಡ ಎಂದು ಅವಳು. ಹೋಗುವುದಾದರೆ ಎಲ್ಲರೂ ಹೋಗೋಣ ಎಂದು ಅವರು. ಕೊನೆಗೆ ಗೆದ್ದದ್ದು ಅವರೇ. "ನನಗೋಸ್ಕರ ಯಾರೂ ನಿಲ್ಲಬೇಡಿ. ನಾನು ಹಿಂದಿನಿಂದ ನಿಧಾನಕ್ಕೆ ಬರ್ತೀನಿ," ಎಂದಿದ್ದರು. ಆ ಮಾತಿನಲ್ಲಿದ್ದ ಹಟ ಅವಳಿಗೆ ಇಡೀ ದಿನ ಚುಚ್ಚುತ್ತಲೇ ಇತ್ತು.

ಅಜ್ಜಿ ನಾಲ್ಕು ಲೋಟಕ್ಕೆ ಚಹಾ ಸುರಿದಳು. ನಾಲ್ಕನೆಯದರ ಮೇಲೆ ತಟ್ಟೆ ಮುಚ್ಚಿ ಒಲೆಯ ಕಟ್ಟೆಯ ಮೇಲಿಟ್ಟಳು. ಹೊರಗೆ ಷೆಡ್ಡಿನ ತಗಡು ಟಪಟಪ ಎನ್ನುತ್ತಿತ್ತು.

"ನಿಮ್ಮ ದಾರೀಲಿ ಆ ಮೊದಲ ಗೇಟಿನ ಬೋರ್ಡು ನನಗೆ ಬಹಳ ಹಿಡಿಸ್ತು ಅಜ್ಜಿ," ಎಂದ ಮೇಷ್ಟ್ರು. "ಕೊನೆಯವರು ಗೇಟು ಮುಚ್ಚಿ, ಕೂಗಿ ಹೇಳಿ ಅಂತ. ಎಷ್ಟು ಅಚ್ಚುಕಟ್ಟು ನೋಡಿ. ನಾವೂ ಹಾಗೇ ಮಾಡಿದ್ವಿ."

ಅಜ್ಜಿಯ ಕೈ ಲೋಟದ ಮೇಲೆಯೇ ನಿಂತಿತು.

"ಕೂಗಿ ಹೇಳಿ ಅಂತ ಓದೋಕೆ ಬಂತಾ ನಿಮಗೆ?"

"ಓ... ಕಪ್ಪು ಬಣ್ಣದ ಮೇಲೆ ಬಿಳಿ ಅಕ್ಷರ, ದೂರದಿಂದಲೇ ಕಾಣುತ್ತೆ."

"ಮತ್ತೆ ಎದ್ದಿದೆ ಹಾಗಾದ್ರೆ," ಎಂದು ಗೊಣಗಿದಳು ಅಜ್ಜಿ. ಆಮೇಲೆ ಲೋಟ ಕೊಡುತ್ತಾ, "ಏನೋ, ಎಲ್ಲರೂ ಬಂದು ಸೇರಿದ್ದೀರಲ್ಲ, ಅಷ್ಟು ಸಾಕು," ಎಂದು ಮಣೆ ಎಳೆದುಕೊಂಡು ಕೂತಳು.

"ಅದೇನಜ್ಜಿ ಎದ್ದಿರೋದು, ದೆವ್ವಾನಾ?" ಎಂದು ತಮ್ಮ ಕಿಚಾಯಿಸಿದ. ಬಟ್ಟೆ ಅಂಗಡಿಯಲ್ಲಿ ಗಿರಾಕಿಗಳನ್ನು ನಗಿಸಿ ಸೀರೆ ಮಾರುವ ಹುಡುಗ, ಬಾಯಿ ಸುಮ್ಮನಿರುವುದಿಲ್ಲ.

"ನಗು ನಗು. ಚಹಾ ಮುಗಿಯೋ ತನಕ ನಗು," ಎಂದಳು ಅಜ್ಜಿ. "ಆಮೇಲೆ ನಿಂಗೇ ಬೇಡ ಅನಿಸುತ್ತೆ. ಹೇಳ್ತೀನಿ ಕೇಳಿ. ಮಧ್ಯೆ ಬಾಯಿ ಹಾಕಿದ್ರೆ ಎದ್ದು ಹೋಗ್ತೀನಿ, ಮೊದಲೇ ಹೇಳಿದ್ದೀನಿ."

ಒಲೆಗೆ ಇನ್ನೊಂದು ಕಟ್ಟಿಗೆ ಇಟ್ಟು, ಅಜ್ಜಿ ಶುರು ಮಾಡಿದಳು.

"ನಮ್ಮಪ್ಪ ಈ ಗುಡ್ಡದ ಆಚೆ ಕಲ್ಲು ಕ್ವಾರಿಲಿ ಮೇಸ್ತ್ರಿ ಆಗಿದ್ದ. ಕ್ವಾರಿ ಮುಚ್ಚಿಹೋಯ್ತು, ಗಾಡಿಗಳು ಓಡಾಡೋದು ನಿಂತುಹೋಯ್ತು, ಉಳಿದದ್ದು ಬರೀ ದಾರಿ. ಇನ್ಯಾರಾದರೂ ಆಗಿದ್ರೆ ತಲೆ ಮೇಲೆ ಕೈ ಹೊತ್ತು ಕೂರ್ತಿದ್ರು. ನಮ್ಮಪ್ಪ ಹಾಗಲ್ಲ. ಪೇಟೆ ಜನ ಸೈಕಲ್ ತುಳಿಯೋಕೆ ಜಾಗ ಇಲ್ದೆ ಸಾಯ್ತಿದಾರೆ, ಇಲ್ಲಿ ಇಷ್ಟುದ್ದ ದಾರಿ ಸುಮ್ನೆ ಬಿದ್ದಿದೆ ಅಂತ, ಅವನು ಜಲ್ಲಿ ಸುರಿಯೋದು, ನಮ್ಮಮ್ಮ ಹಿಂದಿನಿಂದ ಕೈಗುದ್ದಲಿ ಹಿಡ್ಕೊಂಡು ಸಮ ಮಾಡೋದು... ಹೀಗೆ ಇಬ್ಬರೇ ಸೇರಿ ಮಾಡಿದ ದಾರಿ ಇದು. ಇವತ್ತು ನೀವು ಹಾಯಾಗಿ ತುಳ್ಕೊಂಡು ಬಂದ್ರಲ್ಲ, ಅದರ ಕೆಳಗೆ ನಮ್ಮಮ್ಮನ ಬೆನ್ನುಮೂಳೆ ಇದೆ ಅಂತಾನೇ ಇಟ್ಕೊಳ್ಳಿ.

"ಮೂರು ಗೇಟು ಯಾಕೆ ಅಂದ್ರೆ ಮೂರು ಜನರ ಕುರಿ ಮೇಯೋ ಜಾಗ. ಒಬ್ಬರ ಕುರಿ ಇನ್ನೊಬ್ಬರ ಹುಲ್ಲಿಗೆ ಹೋಗಬಾರದು. ದಾರಿ ಬಿಟ್ಟುಕೊಟ್ಟಿದ್ದೇ ಆ ಷರತ್ತಿನ ಮೇಲೆ... ಗೇಟು ತೆರೆದು ಬಿಟ್ಟಿದ್ದು ಒಂದು ದಿನ ಕಂಡರೂ ಅವತ್ತಿಗೇ ದಾರಿ ಬಂದ್. ಸರಿ, ಮುಂದೆ ಹೋಗೋನು ಗೇಟು ತೆಗೀಬೇಕು, ಕೊನೇಲಿ ಬರೋರು ಮುಚ್ಚಬೇಕು. ಇಷ್ಟೇ ಆಗಿದ್ರೆ ತಾಪತ್ರಯ ಇರಲಿಲ್ಲ. ಆದರೆ ಮೊದಲ ಎರಡು ಗೇಟು ದಾಟಿದ ತಕ್ಷಣ ಏರು ಶುರು, ಗಮನಿಸಿದ್ರಾ? ಜಲ್ಲಿ ಮೇಲೆ ಏರಿನಲ್ಲಿ ನಿಂತುಬಿಟ್ರೆ ಮತ್ತೆ ಹೊರಡೋಕಾಗಲ್ಲ. ಚಕ್ರ ಗಿರ್ರಂತ ನಿಂತಲ್ಲೇ ತಿರುಗುತ್ತೆ. ಅದಕ್ಕೆ ನಮ್ಮಪ್ಪ ನಿಲ್ತಾನೇ ಇರಲಿಲ್ಲ. ಗೇಟು ತಳ್ಳೋದು, ನುಗ್ಗೋದು, ಹೋಗ್ತಾ ಇರೋದು. ಹಿಂದೆ ತಿರುಗೋದೂ ಇಲ್ಲ, ಗುಂಡಿ ತಪ್ಪಿಸಬೇಕಲ್ಲ. ಗೇಟು ಮುಚ್ಚಿದ್ದು ಅವನಿಗೆ ಗೊತ್ತಾಗೋದು ಹೇಗೆ? ಅಮ್ಮ ಹಿಂದಿನಿಂದ ಕೂಗಿ ಹೇಳೋಳು... ಮುಚ್ಚಿದೆ, ನೀವು ನಡೀರಿ."

ಕೊನೆಯ ಮಾತನ್ನು ಅಜ್ಜಿ ಕೂಗಿದಂತೆ ರಾಗ ಎಳೆದು ಹೇಳಿದಳು. ನರ್ಸು ಒಮ್ಮೆ ಬಾಗಿಲ ಕಡೆ ನೋಡಿದಳು. ಇವತ್ತು ಮೂರೂ ಗೇಟಿನಲ್ಲಿ ಅಪ್ಪ ಅದೇ ಮಾತನ್ನೇ ಕೂಗಿದ್ದರು. ಬೋರ್ಡಿನಲ್ಲಿ ಕೂಗಿ ಹೇಳಿ ಎಂದಿತ್ತೇ ಹೊರತು, ಏನೆಂದು ಕೂಗಬೇಕು ಎಂದು ಬರೆದಿರಲಿಲ್ಲ. ಯಾರಾದರೂ ಕೂಗುವ ಮಾತು ತಾನೆ ಎಂದು ಸಮಾಧಾನ ಮಾಡಿಕೊಂಡು, ಬಿಸಿ ಲೋಟವನ್ನು ಎರಡೂ ಅಂಗೈಯಲ್ಲಿ ಹಿಡಿದುಕೊಂಡಳು.

"ನಮ್ಮಮ್ಮನಿಗೆ ಒಂದು ಚಾಳಿ," ಅಜ್ಜಿ ಮುಂದುವರಿಸಿದಳು. "ತನ್ನಿಂದ ಯಾರಿಗೂ ತಡ ಆಗಬಾರದು. ಜ್ವರ ಬಂದ್ರೂ ಹೇಳೋಳಲ್ಲ. ಊಟಕ್ಕೆ ಕೂತ್ರೆ, ನೀವು ಶುರು ಮಾಡಿ, ನಾನು ಬಂದೆ ಅನ್ನೋಳು. ಬರ್ತಾ ಇದ್ದಿದ್ದು ನಾವು ಕೈ ತೊಳೆದ ಮೇಲೆ. ಗೇಟಿನ ಚಿಲಕ ತುಕ್ಕು ಹಿಡಿದು ಬೆರಳು ಕಿತ್ತು ಬರ್ತಿದ್ರೂ, ಮುಚ್ಚೋದಕ್ಕೆ ಮುಂಚೇನೇ ಒಂದೊಂದು ಸಲ ಕೂಗಿಬಿಡೋಳಂತೆ, ಗಂಡ ನಿಂತುಬಿಟ್ಟಾನು ಅಂತ. ಅವನು ನಿಲ್ಲೋ ಪೈಕಿ ಅಲ್ಲ ಬಿಡಿ. ಆದ್ರೂ ಅವಳಿಗೆ ಆ ಭಯ. ಇಂಥವರು ನಿಮ್ಮ ಮನೇಲೂ ಇದ್ದಾರು, ಯೋಚನೆ ಮಾಡಿ ನೋಡಿ.

"ಒಂದು ದಿನ ಬೆಳಗ್ಗೆ ಇಬ್ಬರೇ ಸೈಕಲ್ ತಗೊಂಡು ಹೋದ್ರು, ಮಳೆಗೆ ಕೊಚ್ಚಿಹೋದ ಜಲ್ಲಿ ಎಲ್ಲೆಲ್ಲಿ ಅಂತ ನೋಡ್ಕೊಂಡು ಬರೋಕೆ. ಹೊತ್ತು ನೆತ್ತಿಗೆ ಬರೋ ಹೊತ್ತಿಗೆ ವಾಪಸ್ ಹೊರಟ್ರು. ಮೊದಲ ಗೇಟು ದಾಟಿ ಅಪ್ಪ ಏರು ಹತ್ತಿದ. ಹಿಂದಿನಿಂದ ಕೂಗು... ಮುಚ್ಚಿದೆ, ನೀವು ನಡೀರಿ. ನಡೆದ. ಎರಡನೇ ಗೇಟಲ್ಲೂ ಕೂಗು. ಮೂರನೇದು ಇಲ್ಲೇ, ಈ ಕಿಟಕಿಯಾಚೆ. ನಾನು ಆಗ ಲಂಗ ಹಾಕೋ ಹುಡುಗಿ, ಇದೇ ಜಾಗದಲ್ಲಿ ಕೂತು ತರಕಾರಿ ಹೆಚ್ಚುತಾ ಇದ್ದೆ. ನಾನೂ ಕೇಳಿದೆ. ಈ ಕಿವೀಲೇ ಕೇಳಿದೆ. ಅಮ್ಮ ಬಂದ್ಲು ಅಂದ್ಕೊಂಡು, ಕೈಕಾಲು ತೊಳೆಯೋಕೆ ಬಿಸಿನೀರು ಬೇಕಾಗುತ್ತೆ ಅಂತ ಹಂಡೆಗೆ ಬೆಂಕಿ ಹಾಕ್ದೆ.

"ಅಪ್ಪ ಬಂದ. ಕೈ ತೊಳೆದ. ಊಟಕ್ಕೆ ಕೂತ. ಅಮ್ಮ ಇಲ್ಲ. ಹಿತ್ತಲಲ್ಲಿ ಇರಬೇಕು ಅಂತ ಅವನು, ನಾಚಿಕೆ ಇಲ್ದೆ ನಾನೂ ಹಾಗೇ ಅಂದ್ಕೊಂಡೆ. ನೀವು ಶುರು ಮಾಡಿ ಅನ್ನೋಳು ತಾನೆ ಅವಳು? ಶುರು ಮಾಡಿದ್ವಿ. ಮುಗಿಸಿದ್ವಿ. ಹಂಡೆ ನೀರು ಕುದ್ದು ಕುದ್ದು ಅರ್ಧ ಆಯ್ತು... ಆಗ ಅಪ್ಪ ಎದ್ದ.

"ಮೂರನೇ ಗೇಟು ನೋಡಿದ, ಮುಚ್ಚಿತ್ತು. ಚಿಲಕ ಬಿದ್ದಿತ್ತು. ಮೇಲೆ ಹೋದ, ಎರಡನೇದೂ ಮುಚ್ಚಿತ್ತು. ಎರಡನ್ನೂ ಅವನೇ ಅಗಲ ತೆರೆದುಬಿಟ್ಟು ಬಂದವನು. ಅವನ ಹಿಂದೆ ಯಾರೋ ಮುಚ್ಚಿದ್ದಾರೆ ಅಂದ್ರೆ ಅವಳೇ ತಾನೆ? ಹಾಗಾದ್ರೆ ಅವಳು ಎರಡನೇದು ದಾಟಿ ಬಂದಿದ್ದಾಳೆ, ಮೂರನೇದು ದಾಟಿ ಬಂದಿದ್ದಾಳೆ, ಎಲ್ಲಿ ಹೋದ್ಲು? ಅದೇ ದಾರೀಲಿ ಇನ್ನೂ ಮೇಲಕ್ಕೆ ಓಡಿದ. ಮೊದಲ ಗೇಟು ಮಾತ್ರ ಗಾಳಿಗೆ ಕಿರ್ರ್... ಕಿರ್ರ್... ಅಂತ ಆಡ್ತಿತ್ತು. ಅದರ ಬುಡದಲ್ಲಿ ನಮ್ಮಮ್ಮ. ಗಾಳಿ ರಪ್ಪಂತ ಗೇಟು ಬೀಸಿದೆ, ಕಬ್ಬಿಣದ ಪಟ್ಟಿ ಇಲ್ಲಿ, ಕಿವಿ ಹತ್ರ ಹೊಡೆದಿದೆ. ಬಿದ್ದೋಳು ಎದ್ದೇ ಇಲ್ಲ. ಮೂರು ಗೇಟಲ್ಲಿ ಮುಚ್ಚದೇ ಉಳಿದಿದ್ದು ಅದೊಂದೇ.

"ಈಗ ಹೇಳಿ... ಅಲ್ಲೇ ಬಿದ್ದೋಳು ಇಲ್ಲಿ ಬಂದು ಕೂಗಿದ್ದು ಹೇಗೆ?"

ತಮ್ಮನ ಲೋಟ ಖಾಲಿಯಾಗಿತ್ತು, ಆದರೂ ಅವನು ಅದನ್ನು ಕೆಳಗಿಡಲಿಲ್ಲ. ನರ್ಸು ಮಳೆಯ ಸದ್ದಿನ ನಡುವೆ ಷೆಡ್ಡಿನ ಸದ್ದನ್ನು ಬೇರೆ ಮಾಡಿ ಕೇಳಲು ನೋಡಿದಳು. ಬಟ್ಟೆ ಕೊಡವಿದ ಸದ್ದು, ಕೆಮ್ಮು, ಪೆಡಲು ತಿರುಗಿಸಿದ ಸದ್ದು, ಯಾವುದೂ ಇಲ್ಲ. ತಗಡಿನ ಟಪಟಪ ಒಂದೇ ಕೇಳಿಸಿತು. ಅಪ್ಪ ಇಷ್ಟು ಹೊತ್ತು ಏನು ಮಾಡುತ್ತಿದ್ದಾರೆ ಎಂದು ಏಳಲು ಹೊರಟವಳು, ಅಜ್ಜಿಯ ಎಚ್ಚರಿಕೆ ನೆನಪಾಗಿ ಕೂತಲ್ಲೇ ಕೂತಳು.

"ಡಾಕ್ಟರು ಬಂದು ನೋಡಿ ಒಂದು ಮಾತು ಹೇಳಿದ್ರು," ಎಂದಳು ಅಜ್ಜಿ. ಈಗ ಅವಳ ದನಿ ತಗ್ಗಿತ್ತು. "ಬಿದ್ದ ತಕ್ಷಣ ಹೋಗಿಲ್ಲ, ಬಹಳ ಹೊತ್ತು ಜೀವ ಇತ್ತು ಅಂತ. ಅಂದ್ರೆ ಏನಾಯ್ತು? ಅಪ್ಪ ಎರಡನೇ ಗೇಟಲ್ಲಿ ತಿರುಗಿದ್ದಿದ್ರೆ ಉಳೀತಿದ್ಲು. ಮೂರನೇದರಲ್ಲಿ ತಿರುಗಿದ್ರೂ ಉಳೀತಿದ್ಲು. ಯಾಕೆ ತಿರುಗಲಿಲ್ಲ? ಅವಳೇ ಕೂಗಿ ಹೇಳಿದ್ಲಲ್ಲ, ನೀವು ನಡೀರಿ ಅಂತ! ನೆಲದ ಮೇಲೆ ರಕ್ತ ಸುರಿಸ್ತಾ ಬಿದ್ದಿದ್ರೂ ಅವಳ ಮನಸ್ಸೆಲ್ಲ ಮುಂದೆ ಹೋಗೋರ ಮೇಲೇನೇ... ತಡ ಆದೀತು, ಅವರು ನಿಂತಾರು, ಕುರಿ ಆಚೆ ಹೋದೀತು. ಆ ಮನಸ್ಸೇ ಎದ್ದು ಬಂದು ಗೇಟು ಮುಚ್ಚಿ ಕೂಗಿದೆ. ತನ್ನ ಸಾವನ್ನ ತಾನೇ ಬಾಗಿಲು ಹಾಕಿ ಭದ್ರ ಮಾಡ್ಕೊಂಡ್ಲು ನಮ್ಮಮ್ಮ.

"ಊರವರು ನಂಬಲಿಲ್ಲ. ಹೆಂಡತೀನ ಬಿಟ್ಟು ಬಂದು ಈಗ ಕತೆ ಕಟ್ತಾನೆ ಅಂದ್ರು. ಅಂದುಕೊಳ್ಳಲಿ. ಅಪ್ಪ ಆಮೇಲೆ ದಿನಾ ಒಬ್ಬನೇ ಹೋಗೋನು. ಗೇಟು ತೆರೆದು, ದಾಟಿ, ನಿಂತ್ಕೊಳ್ಳೋನು. ಜನ್ಮದಲ್ಲಿ ನಿಲ್ಲದೇ ಇದ್ದೋನು ಕಂಬದ ಹಾಗೆ ನಿಲ್ಲೋನು. ನಾನು ಎಲ್ಲೂ ಹೋಗಲ್ಲ ಕಣೇ, ನೀನೇ ಬಾ, ನಿಧಾನಕ್ಕೆ ಬಾ ಅಂತ ಕರೆಯೋನು. ಏನೂ ಇಲ್ಲ. ಗಾಳಿ, ಕುರಿ, ಅಷ್ಟೇ. ಮುಚ್ಚಿದೆ ಅಂತ ಒಂದು ಸಲ ಕೇಳಿಸಲಿ ಅಂತ ಅವನು ಅತ್ತಿದ್ದನ್ನ ನಾನು ನೋಡಿದ್ದೀನಿ.

"ಮತ್ತೆ ಕೇಳಿಸಿದ್ದು ಯಾವಾಗ ಗೊತ್ತಾ? ವರ್ಷ ಕಳೆದ ಮೇಲೆ ಹಾಲಿನ ಡೈರಿಯ ಗುಮಾಸ್ತರ ಒಂದು ಗುಂಪು ಬಂದಿತ್ತು. ಅಪ್ಪನೇ ಮುಂದೆ. ಮೂರೂ ಗೇಟಲ್ಲಿ ಕೂಗು ಬಂತು, ಗಂಡಸಿನ ದನಿ. ಅವರ ಪೈಕಿ ಕೊನೇಲಿದ್ದ ದಪ್ಪ ಮನುಷ್ಯನದೇ ದನಿ ಅಂತ ಎಲ್ಲರೂ ಗುರುತು ಹಿಡಿದ್ರು. ಇಲ್ಲಿ ಬಂದು ಕೂತು, ಚಹಾ ಕುಡಿದು, ನಗ್ತಾ ಇದ್ರು. ಅಪ್ಪನಿಗೆ ಮಾತ್ರ ಯಾಕೋ ತಡೀಲಿಲ್ಲ, ಎದ್ದು ವಾಪಸ್ ಓಡಿದ. ಆ ಮನುಷ್ಯ ಮೊದಲ ಗೇಟು, ಎರಡನೇ ಗೇಟಿನ ಮಧ್ಯೆ ಚರಂಡೀಲಿ ಸೊಂಟ ಮುರ್ಕೊಂಡು ಬಿದ್ದಿದ್ದ. ನೀವೇ ಕೂಗಿದ್ರಲ್ಲ ಅಂದ್ರೆ, ಇಲ್ಲ ಸ್ವಾಮಿ, ನಾನು ಕೂಗಿದ್ದು ಕಾಪಾಡಿ ಅಂತ, ಗಂಟಲು ಹರಿಯೋ ಹಾಗೆ ಕೂಗಿದೆ ಅಂದ. ಕಾಪಾಡಿ ಅಂದಿದ್ದು ಒಬ್ಬರಿಗೂ ಕೇಳಿಸಿಲ್ಲ. ಕೇಳಿಸಿದ್ದು ಅವನ ದನೀಲಿ ಇನ್ನೊಂದು ಮಾತು.

"ಅವತ್ತೇ ಅಪ್ಪ ಮೊದಲ ಗೇಟಿಗೆ ತಾನೇ ಹಾಕಿದ್ದ ಬೋರ್ಡಿನ ಕೆಳಗಿನ ಸಾಲಿಗೆ ಕಪ್ಪು ಬಣ್ಣ ಬಳಿದ. ಕೂಗಿ ಹೇಳಿ ಅನ್ನೋದೇ ಬೇಡ, ನಿಂತು ನೋಡ್ಕೊಂಡು ಹೋಗಲಿ ಅಂತ. ಮಳೆಗಾಲ ಬಂತು, ಅಕ್ಷರ ಮತ್ತೆ ಮೇಲೆದ್ದು ಬಂತು. ಮತ್ತೆ ಬಳಿದ. ಮತ್ತೆ ಬಂತು. ಹಲಗೇನೇ ಬದಲಾಯಿಸಿದ. ಹೊಸ ಹಲಗೆ ಮೇಲೂ ಬಂತು. ನಾನೂ ಬಳಿದು ಬಳಿದು ಸೋತಿದ್ದೀನಿ.

"ಅಪ್ಪ ಮುದುಕನಾಗಿ ಈ ಪಕ್ಕದ ಕೋಣೇಲೇ ಮಲಗಿದ. ಕೊನೇ ದಿನ ನನ್ನ ಕರೆದು, ಗೇಟು ನೋಡ್ಕೊಂಡು ಬಾ ಅಂದ. ಮುಚ್ಚಿದೆ ಅಪ್ಪ, ಮಲ್ಕೊ ಅಂದೆ. ಹಾಗಂತ ಅವಳೂ ಹೇಳಿದ್ಲು ಅಂದ. ಅಷ್ಟೇ. ಆಮೇಲೆ ಮಾತಾಡಲಿಲ್ಲ.

"ಕೆಟ್ಟ ದೆವ್ವ ಆಗಿದ್ರೆ ಪೊರಕೆ ತಗೊಂಡು ಓಡಿಸಬಹುದಿತ್ತು ಕಣಪ್ಪ," ಎಂದು ಅಜ್ಜಿ ತಮ್ಮನ ಕಡೆ ತಿರುಗಿದಳು. "ಇವಳು ಒಳ್ಳೇವಳು. ಒಳ್ಳೇತನದಿಂದಲೇ ಕೊಲ್ತಾಳೆ. ಅದಕ್ಕೇನು ಮಾಡ್ತೀಯಾ? ಹಿಂದೆ ಯಾರಾದ್ರೂ ಬಿದ್ರೆ, ಪಾಪ, ಮುಂದಿನವರಿಗೆ ಗಾಬರಿ ಆಗೋದು ಬೇಡ ಅಂತ ಅವರ ಪರವಾಗಿ ತಾನೇ ಕೂಗಿಬಿಡ್ತಾಳೆ. ಈ ದಾರೀಲಿ ಕೂಗು ನಂಬಬಾರದು. ಕಣ್ಣಲ್ಲಿ ನೋಡಿದ್ರೆ ಮಾತ್ರ ಬಂದ್ರು ಅಂತ ಲೆಕ್ಕ. ನೀವೇನೋ ಎಲ್ಲರೂ ನೆಟ್ಟಗೆ ಬಂದು ಸೇರಿದ್ರಿ..."

ಅಜ್ಜಿ ಮಾತು ನಿಲ್ಲಿಸಿದಳು. ಅವಳ ಕಣ್ಣು ಒಲೆಯ ಕಟ್ಟೆಯ ಮೇಲಿದ್ದ ನಾಲ್ಕನೇ ಲೋಟದ ಮೇಲೆ ಬಿತ್ತು. ಮೇಲೆ ಮುಚ್ಚಿದ ತಟ್ಟೆ ಹಾಗೇ ಇತ್ತು.

"ನಿಮ್ಮ ಮಾವನವರನ್ನ ಷೆಡ್‌ನಲ್ಲಿ ನೋಡಿದವರು ಯಾರು?"

ಮೇಷ್ಟ್ರು ತಮ್ಮನ ಮುಖ ನೋಡಿದ. ತಮ್ಮ ಅತ್ತಿಗೆಯ ಮುಖ ನೋಡಿದ.

"ನಾನು ನೋಡಿಲ್ಲ," ಎಂದ ಮೇಷ್ಟ್ರು. "ಆದ್ರೆ ಕೂಗಿದ್ರಲ್ಲ. ಮೂರನೇ ಗೇಟಲ್ಲಿ, ಇಲ್ಲೇ, ಚೆನ್ನಾಗಿ ಕೇಳ್ತು. ಅವರದೇ ದನಿ."

ನರ್ಸು ಆಗಲೇ ಬಾಗಿಲಲ್ಲಿದ್ದಳು. ಬರಿಗಾಲಲ್ಲೇ ಹಿತ್ತಲು ದಾಟಿ ಷೆಡ್ಡಿನೊಳಕ್ಕೆ ನುಗ್ಗಿದಳು. ಮೂರು ಸೈಕಲ್ಲುಗಳು ಒಂದಕ್ಕೊಂದು ಒರಗಿ ನೀರು ಸುರಿಸುತ್ತಿದ್ದವು. ಮೂಲೆಯಲ್ಲಿ ಕಳಚಿಕೊಂಡ ತಗಡಿನ ತುಂಡೊಂದು ಗಾಳಿಗೆ ಟಪಟಪ ಬಡಿಯುತ್ತಿತ್ತು. ಅಪ್ಪನ ಸೈಕಲ್ಲಿಲ್ಲ, ಅಪ್ಪನಿಲ್ಲ. ನಿಲ್ಲಬೇಡಿ ಎಂದಿದ್ದರು. ತಾನು ನಿಜಕ್ಕೂ ನಿಲ್ಲಲಿಲ್ಲ. ಸಿಟ್ಟಿನಲ್ಲಿ ಒಮ್ಮೆಯೂ ತಿರುಗಿ ನೋಡಲಿಲ್ಲ.

ಅಜ್ಜಿ ಕಂಬಳಿ, ಟಾರ್ಚು ಹಿಡಿದು ಬಂದಳು. ಇನ್ನೂ ಪೂರ್ತಿ ಕತ್ತಲಾಗಿರಲಿಲ್ಲ. ಗುಡ್ಡದ ಮೇಲೆ ಬೂದಿ ಬಣ್ಣದ ಬೆಳಕಿತ್ತು. ಅಜ್ಜಿಯೂ ಸೇರಿ ನಾಲ್ವರೂ ಮೂರನೇ ಗೇಟಿನ ಬಳಿ ಓಡಿದರು. ಗೇಟು ಮುಚ್ಚಿತ್ತು. ಚಿಲಕ ಬಿದ್ದಿತ್ತು.

ಮೇಷ್ಟ್ರು ಚಿಲಕಕ್ಕೆ ಕೈ ಹಾಕಿದ. ಅಷ್ಟರಲ್ಲಿ ಮೇಲಿನಿಂದ, ಮಳೆಯನ್ನು ಸೀಳಿಕೊಂಡು ಕೂಗು ಬಂತು.

"ಮುಚ್ಚಿದೆ... ನೀವು ನಡೀರಿ."

ಅಪ್ಪನದೇ ದನಿ. ಮಾತಿನ ತುದಿಯಲ್ಲಿ ಬರುವ ಆ ಸಣ್ಣ ಉಬ್ಬಸ ಕೂಡ ಅಪ್ಪನದೇ.

"ಅಬ್ಬಾ, ಬರ್ತಿದಾರೆ ನೋಡು!" ಎಂದು ಮೇಷ್ಟ್ರು ಉಸಿರುಬಿಟ್ಟು ಗೇಟಿಗೆ ಒರಗಿದ. ನರ್ಸಿಗೂ ಹಾಗೆಯೇ ಒರಗಿಬಿಡೋಣ ಅನ್ನಿಸಿತು. ನಂಬಿಬಿಡೋಣ, ಒಳಗೆ ಹೋಗಿ ಆ ಲೋಟದ ಚಹಾ ಮತ್ತೆ ಬಿಸಿ ಮಾಡೋಣ ಅನ್ನಿಸಿತು. ಅವಳು ಅಜ್ಜಿಯ ಮುಖ ನೋಡಿದಳು.

ಅಜ್ಜಿ ಕಂಬಳಿಯನ್ನು ಅವಳ ಹೆಗಲಿಗೆ ಹಾಕಿ, ಟಾರ್ಚು ಕೈಗಿಟ್ಟು, ಗೇಟನ್ನು ತಾನೇ ತಳ್ಳಿ ತೆರೆದಳು.

"ಹೋಗಮ್ಮ. ಓಡು. ನಿಮ್ಮಪ್ಪನಿಗೆ ಇನ್ನೂ ಜೀವ ಇದೆ."

"ನಿಮಗೆ ಹೇಗೆ ಗೊತ್ತು ಅಜ್ಜಿ?"

"ಸತ್ತವರ ಪರವಾಗಿ ಅವಳು ಕೂಗಲ್ಲ. ನಮ್ಮಮ್ಮನ ಕೂಗು ನಾನು ಕೇಳಿದ್ದು ಅವಳಿಗೆ ಜೀವ ಇದ್ದಾಗಲೇ. ಆಮೇಲೆ ಅಪ್ಪ ಎಷ್ಟು ವರ್ಷ ನಿಂತು ಕರೆದ್ರೂ ಬರಲಿಲ್ಲ."

ನರ್ಸು ಓಡಿದಳು. ಒದ್ದೆ ಜಲ್ಲಿ ಬರಿಗಾಲಿಗೆ ಚುಚ್ಚುತ್ತಿತ್ತು. ಅಣ್ಣತಮ್ಮಂದಿರು ಹಿಂದೆ ಓಡಿದರು. ಅವರ ಬೆನ್ನ ಹಿಂದೆ ಗೇಟು ತಾನಾಗಿ ಕಿರ್ರೆಂದು ಬಂದು ಚಿಲಕ ಬಿತ್ತು. ಅಜ್ಜಿಯ ಕೈ ಅದರ ಮೇಲಿರಲಿಲ್ಲ. ಅವಳು ಗೇಟಿನ ಮೇಲಿಂದ ಕತ್ತು ಚಾಚಿ, ಮಳೆಗೂ ಮೇಲಾಗಿ ಕೇಳಿಸುವ ಹಾಗೆ ಹೇಳಿದಳು.

"ಎರಡನೇ ಗೇಟಲ್ಲಿ ಒಂದು ಗಳಿಗೆ ನಿಂತು ಕಿವಿಗೊಟ್ಟು ಕೇಳಮ್ಮ. ನಡೀರಿ ಅಂತ ಕೇಳಿಸಿದ್ರೆ ಓಡು... ಏನೂ ಕೇಳಿಸ್ಲಿಲ್ಲ ಅಂದ್ರೆ, ಆಮೇಲೆ ಅವಸರ ಮಾಡಬೇಡ, ನಿಧಾನಕ್ಕೆ ಹತ್ತು."